ದೇವಕಮ್ಮನ ಅಚ್ಚು, ಗುರಣ್ಣನ ಕೀಲಿ

ಶಹಾಪುರದ ಹಂಪಣ್ಣ ಸಾವಕಾರ ದೇವಕಮ್ಮನಿಗೆ ಎರಡು ವರ್ಷದ ಪಗಾರದ ಅಂತರ ಕೊಡಬೇಕು. ಇನ್ನೂ ಕೊಟ್ಟಿಲ್ಲ. ಕೊಡುತ್ತೇನೆಂದು ಅವನು ತನ್ನದೇ ಕಚೇರಿಯಲ್ಲಿ, ತುಂಬಿದ ಮಂದಿಯ ಎದುರು ಒಪ್ಪಿದ ಮಾತು. ಆ ಮಂದಿಯಲ್ಲಿ ನಾನೂ ಇದ್ದೆ. ಹೀಗಾಗಿ ಈ ಬರಹವನ್ನು ವಸೂಲಿಗೆ ಬಂದವನ ಮಾತು ಎಂದೇ ಓದಿರಿ.

ದೇವಕಮ್ಮ ಕಕ್ಕೇರಾದವಳು. ಅಪ್ಪ ಅಂಬ್ರಪ್ಪ, ಅವ್ವ ಬಾಲಮ್ಮ, ಇಬ್ಬರೂ ಕಾಲುವೆ ಅಗೆದವರು. ಆ ವರ್ಷಗಳಲ್ಲಿ ನಮ್ಮ ಕಡೆಯ ಕೂಲಿಕಾರರ ಮಕ್ಕಳು ಅಗೆದ ಮಣ್ಣಿನ ಗುಡ್ಡೆಗಳ ಮೇಲೇ ಆಡಿ ಬೆಳೆದರು. ಓವರ್‌ಸಿಯರ್ ನೀಲಿ ಹಾಳೆಯೊಂದನ್ನು ಬಿಡಿಸಿ ನೋಡಿ ಕೈ ತೋರಿಸಿದರೆ ಸಾಕು, ಸಾಲುಗಟ್ಟಿ ನಿಂತ ಮಂದಿ ಗುದ್ದಲಿ ಎತ್ತುತ್ತಿದ್ದರು. ಆ ಹಾಳೆಯಲ್ಲಿ ಏನಿದೆ ಎಂದು ಕೇಳಿದ ಹುಡುಗಿಗೆ ಅವನು, "ನಿನಗ್ಯಾಕ ಬೇಕು, ಬುಟ್ಟಿ ಹೊರು ಹೋಗು" ಅಂದನಂತೆ.

"ಅವತ್ತೇ ಠರಾಸಿದೆ ಅಣ್ಣ," ಎಂದು ಅವಳು ಇವತ್ತಿಗೂ ನಗುತ್ತ ಹೇಳುತ್ತಾಳೆ. "ಆ ಹಾಳಿ ನಾ ಬರೀತೀನಿ, ಅಂವ ನೋಡಿ ಅಗೀಲಿ ಅಂತ."

ಹಟ ಹಿಡಿದು ಗುಲ್ಬರ್ಗಾಕ್ಕೆ ಹೋಗಿ ಐಟಿಐಯಲ್ಲಿ ನಕ್ಷೆ ಬರೆಯುವುದನ್ನು ಕಲಿತಳು. ತರಗತಿಯಲ್ಲಿ ಅವಳೊಬ್ಬಳೇ ಹೆಣ್ಣುಮಗಳು. ವಾಪಸ್ ಬಂದು ಕಾಲುವೆಯ ಕ್ಯಾಂಪ್ ಕಚೇರಿಯೊಂದರಲ್ಲಿ ದಿನಗೂಲಿಯ ಟ್ರೇಸರ್ ಆದಳು. ಟ್ರೇಸರ್ ಅಂದರೆ ದೊಡ್ಡವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಮಸಿಯ ಪೆನ್ನಿನಿಂದ ಅದನ್ನೇ ಎತ್ತಿ ಬರೆಯುವವರು. ನಡುವೆ ಕೊಂಕಲ್‌ನ ಚಂದ್ರಾಮಪ್ಪನೊಂದಿಗೆ ಲಗ್ನವಾಯಿತು. ಅವನು ಹೊಲ ನೋಡಿಕೊಂಡ, ಇವಳು ಕೆಲಸ ಬಿಡಲಿಲ್ಲ. ಕಂಪ್ಯೂಟರ್ ಬಂದು ದಿನಗೂಲಿ ಟ್ರೇಸರ್‌ಗಳನ್ನೆಲ್ಲ ಮನೆಗೆ ಕಳಿಸಿದಾಗ ಉಳಿದವರು ಅರ್ಜಿ ಹಿಡಿದು ತಿರುಗಿದರು. ಇವಳು ಕಿವಿಯ ಓಲೆ ಒತ್ತೆಯಿಟ್ಟು ಸುರಪುರಕ್ಕೆ ಹೋಗಿ ಕ್ಯಾಡ್ ಕಲಿತಳು. ಕ್ಯಾಡ್ ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ವಿದ್ಯೆ.

ಇವಳನ್ನು ಪಾಪದ ಹೆಣ್ಣುಮಗಳು ಎಂದುಕೊಂಡು ಮಾತಾಡಿಸಲು ಹೋದವರು ಬೈಸಿಕೊಂಡು ಬಂದಿದ್ದಾರೆ. ತನ್ನ ಕೆಲಸದ ಬಗ್ಗೆ ಜಂಬ ಇದೆ, ಅದನ್ನು ಮುಚ್ಚಿಡುವುದೂ ಇಲ್ಲ. "ಈ ಮೂರು ತಾಲೂಕಿನ್ಯಾಗ ನನ್ನಂಗ ಗೆರಿ ಎಳಿಯೋರು ಯಾರದಾರ, ಕರಕೊಂಡ ಬರ್ರಿ" ಅನ್ನುತ್ತಾಳೆ. ಯಾರೂ ಕರೆದುಕೊಂಡು ಬಂದಿಲ್ಲ.

ಹಂಪಣ್ಣ ಮೊದಲು ಹತ್ತಿ ವ್ಯಾಪಾರ ಮಾಡುತ್ತಿದ್ದವನು. ಕಾಲುವೆ ಬಂದ ಮೇಲೆ ಗುತ್ತಿಗೆಗೆ ಇಳಿದ. ನೀರಾವರಿ ಇಲಾಖೆಯವರು ನಕ್ಷೆಯ ಕೆಲಸವನ್ನೂ ಹೊರಗೆ ಕೊಡಲು ಶುರುಮಾಡಿದಾಗ ತನ್ನ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಕಂಪ್ಯೂಟರ್ ಇಟ್ಟು ನಕ್ಷೆ ಕಚೇರಿ ತೆಗೆದ. ಸುರಪುರದ ಮನ್ಸೂರಅಲಿ ಅಲ್ಲಿ ಇಂಜಿನಿಯರ್, ಚುರುಕಾದ ಹುಡುಗ. ಗುರಣ್ಣ ಎಲ್ಲರಿಗಿಂತ ಹಿರಿಯ ನಕ್ಷೆಗಾರ. ಅವನ ಕೈಬರಹವನ್ನು ಅಚ್ಚಿನ ಅಕ್ಷರ ಎಂದು ಜನ ಮೋಸ ಹೋಗುತ್ತಿದ್ದರು. ಯಂಕಣ್ಣ ಮತ್ತೆ ಇನ್ನಿಬ್ಬರು ಅವನ ಕೈಕೆಳಗೆ. ದೇವಕಮ್ಮನನ್ನು ಹಂಪಣ್ಣ ಟ್ರೇಸರ್ ಪಗಾರಕ್ಕೆ ತೆಗೆದುಕೊಂಡು ನಕ್ಷೆಗಾರರ ಕೆಲಸಕ್ಕೆ ಕೂರಿಸಿದ. ಕಚೇರಿಯಲ್ಲಿ ಎತ್ತಿ ಬರೆಯುವ ಕೆಲಸವೇ ಇರಲಿಲ್ಲ. ಆ ಹೆಸರು ಪಗಾರ ಕಡಿಮೆ ಮಾಡಲು ಮಾತ್ರ ಬೇಕಾಗಿತ್ತು.

ಆ ಕಚೇರಿಗೆ ಯಂತ್ರ ಬಂದಿತ್ತು, ಹಳೆಯ ರೂಢಿ ಹೋಗಿರಲಿಲ್ಲ. ಹಿಂದೆ ಪ್ರತಿ ನಕ್ಷೆಗಾರನಿಗೂ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಪೆನ್ನು, ಕೈವಾರ, ಬ್ಲೇಡು ಎಲ್ಲ ಅದರಲ್ಲಿ. ಒಬ್ಬರ ಡಬ್ಬಿ ಇನ್ನೊಬ್ಬರು ಮುಟ್ಟುವಂತಿಲ್ಲ. ಈಗ ಅದೇ ಡಬ್ಬಿಯಲ್ಲಿ ನಕ್ಷೆ ತುಂಬಿದ ಫ್ಲಾಪಿ ಇಟ್ಟು ಕೀಲಿ ಹಾಕುತ್ತಿದ್ದರು. ಖಂಡೇನವಮಿಯ ಆಯುಧಪೂಜೆಗೆ ಕಂಪ್ಯೂಟರಿನ ಪಕ್ಕಕ್ಕೆ ಡಬ್ಬಿಗೂ ವಿಭೂತಿ. ಯಂಕಣ್ಣ ಬರೆದ ತೂಬು ಗುರಣ್ಣನಿಗೆ ಕಾಣದು, ಗುರಣ್ಣ ಬರೆದದ್ದು ಯಂಕಣ್ಣನಿಗೆ ಕಾಣದು. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ತೂಬುಗಳೆಲ್ಲ ಒಂದೇ ಜಾತಿ. ಪೈಪಿನ ಅಗಲ ಬೇರೆ ಇರಬಹುದು, ಕೂರಿಸುವ ಮಟ್ಟ ಬೇರೆ ಇರಬಹುದು, ಅಷ್ಟೇ. ಆದರೂ ಅದೇ ತೂಬನ್ನು ಎಲ್ಲರೂ ಬೇರೆ ಬೇರೆ ಕೂತು ಮತ್ತೆ ಮತ್ತೆ ಬರೆಯುತ್ತಿದ್ದರು.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು. ಮಸಿಯ ಕಾಲದಲ್ಲಿ ನಕ್ಷೆ ತಿದ್ದುವುದೆಂದರೆ ಬ್ಲೇಡಿನಿಂದ ಕೆರೆಯುವುದು. ಹೆಚ್ಚು ಕೆರೆದರೆ ಹಾಳೆ ಹರಿಯುತ್ತದೆ. ಅದಕ್ಕೆ ಗೆರೆ ಹಾಗೇ ಬಿಟ್ಟು ಅಂಕಿಯನ್ನಷ್ಟೇ ಕೆರೆದು ಹೊಸದು ಬರೆಯುತ್ತಿದ್ದರು. ಕಟ್ಟುವ ಗೌಂಡಿ ಅಂಕಿ ಓದಿ ಕಟ್ಟುತ್ತಿದ್ದ, ಕೆಲಸ ನಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ಕೆರೆಯುವುದೂ ಇಲ್ಲ, ಹರಿಯುವುದೂ ಇಲ್ಲ. ಆದರೂ ಕೈಗೆ ಅದೇ ಚಾಳಿ. ಹಿಂದಿನ ತೂಬಿನ ನಕ್ಷೆ ತೆರೆಯುವುದು, ಊರಿನ ಹೆಸರು ಬದಲಿಸುವುದು, ಅಂಕಿ ಅಳಿಸಿ ಹೊಸ ಅಂಕಿ ಒತ್ತುವುದು. ಗೆರೆ ಹಿಂದಿನ ಊರಿನದೇ.

ಇದರ ಪೆಟ್ಟು ಬಿದ್ದದ್ದು ಕೊಂಕಲ್ ಕಡೆಯ ಹೊಲಗಳಿಗೆ, ಅಂದರೆ ದೇವಕಮ್ಮನ ಗಂಡನ ಊರಿಗೇ. ಅಲ್ಲಿಯ ಸೀಳುಗಾಲುವೆಯ ತುದಿಯ ತೂಬುಗಳನ್ನು ಒಡೆದು ಹೊಸದಾಗಿ ಕಟ್ಟಬೇಕಿತ್ತು. ಕಾಲುವೆಯಲ್ಲಿ ನೀರಿರುವಾಗ ಆ ಕೆಲಸ ಆಗದು. ಬೇಸಿಗೆಯಲ್ಲಿ ನೀರು ನಿಲ್ಲಿಸಿದ ಮೇಲೆ ಕಟ್ಟಿ ಮುಗಿಸಿ, ಮತ್ತೆ ನೀರು ಬಿಡುವ ಮುಂಚೆ ಮೇಲೆ ಬರಬೇಕು. ನೀರು ನಿಲ್ಲುವ ಹೊತ್ತಿಗೆ ನಕ್ಷೆ ಮಂಜೂರಾಗಿರದಿದ್ದರೆ ಇನ್ನೊಂದು ವರ್ಷ ಹೋದಂತೆ. ನಕ್ಷೆಗಳು ಹೋಗುತ್ತಿದ್ದವು, ವಾಪಸ್ ಬರುತ್ತಿದ್ದವು. ನಾವು ರೈತ ಚಳವಳಿಯವರು ಇಲಾಖೆಗೆ ಹೋಗಿ ಕೇಳಿದೆವು. "ನಕ್ಷಾ ತಪ್ಪು ಅದಾವ, ಬರದೋರನ್ನ ಕೇಳ್ರಿ" ಅಂದರು. ಯಾರೋ ದುಡ್ಡು ತಿಂದು ತಡೆದಿದ್ದಾರೆ ಎಂದು ನಾವು ನಂಬಿದ್ದೆವು. ನಮ್ಮ ಚಳವಳಿಯ ಮಂದಿ ಯಾವುದೇ ತಡಕ್ಕೂ ಮೊದಲು ಹುಡುಕುವ ಕಾರಣ ಅದು, ಬಹಳ ಸಲ ಸಿಗುತ್ತದೆ ಕೂಡ. ಕೊಂಕಲ್‌ನಿಂದ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದು ಹಂಪಣ್ಣನ ಕಚೇರಿಯ ಮೆಟ್ಟಿಲ ಮೇಲೆ ಕೂತೆವು. ಮೇಲಿನವರು ಇಳಿಯುವಂತಿಲ್ಲ, ಕೆಳಗಿನವರು ಹತ್ತುವಂತಿಲ್ಲ.

ಬಾಗಿಲಿಗೆ ಬಂದವಳು ದೇವಕಮ್ಮ.

"ತಾಯಪ್ಪಣ್ಣ, ಘೋಷಣಿ ಚಂದ ಕೂಗಾಕತ್ತೀರಿ. ಕೂಗಿದ್ರ ನಕ್ಷಾ ತಯಾರ ಆಗ್ತಾವೇನ್ರಿ?"

"ಕೂಗದಿದ್ದಾಗ ಎಷ್ಟ ತಯಾರ ಮಾಡೀದಿ ಹೇಳು ತಂಗಿ," ಅಂದೆ.

ನನ್ನ ಪಕ್ಕದಲ್ಲಿ ಗೊಲ್ಲಾಳಮ್ಮ ಕೂತಿದ್ದಳು. ಕಾಲುವೆಯ ಕಟ್ಟಕಡೆಯ ಹೊಲ ಅವಳದು, ವರಸೆಯಲ್ಲಿ ದೇವಕಮ್ಮನಿಗೆ ಅತ್ತೆ. ಅವಳು ಸೆರಗು ಕೊಡವಿಕೊಂಡು ಎದ್ದಳು. "ನಮ್ಮೂರ ಸೊಸಿ ಅದಿ. ದಿನಾ ಇಲ್ಲಿ ಕುಂತು ಮಂದಿ ಕಾಲುವಿ ಎಲ್ಲಾ ಬರೀತಿ. ನಮ್ಮ ಹೊಲಕ್ಕ ಒಂದು ಗೆರಿ ಎಳಿಯಾಕ ನಿನ್ನ ಕೈ ಬ್ಯಾನಿ ಆತೇನು?"

"ಎಳದೀವಿ ಅತ್ತಿ. ತಪ್ಪ ಎಳದೀವಿ. ಒಳಗ ಬರ್ರಿ, ತೋರಸ್ತೀನಿ."

ಅವಳು ಮುಚ್ಚಿಡುತ್ತಾಳೆ ಎಂದು ತಯಾರಾಗಿ ಬಂದವರಿಗೆ ಇದು ಗೊತ್ತಿಲ್ಲದ ದಾರಿ. ಒಳಗೆ ಹೋದೆವು. ಪರದೆಯ ಮೇಲೆ ಗೊಲ್ಲಾಳಮ್ಮನ ತೂಬು ಇತ್ತು. ಪೈಪು ಕಾಲುವೆಯ ನೀರಿಗಿಂತ ಕೆಳಗಿದೆ ಎಂದು ಅಂಕಿ ಹೇಳುತ್ತಿತ್ತು. ದೇವಕಮ್ಮ ಗೆರೆಯನ್ನೇ ಹಿಡಿದು ಅಳೆದು ತೋರಿಸಿದಳು. ಪೈಪು ನೀರಿಗಿಂತ ಮೇಲಿತ್ತು.

"ಅಂದ್ರ ನೀರು ನಿಚ್ಚಣಿಕಿ ಹತ್ತಿ ನನ್ನ ಹೊಲಕ್ಕ ಬರಬೇಕೇನವ್ವಾ?" ಅಂದಳು ಗೊಲ್ಲಾಳಮ್ಮ. ನಮ್ಮವರು ನಕ್ಕರು. ಗುರಣ್ಣ ನಗಲಿಲ್ಲ.

"ಅಂಕಿ ಬರೋಬ್ಬರಿ ಅದ," ಅಂದ ಅವನು. "ಗೌಂಡಿ ಅಂಕಿ ನೋಡ್ತಾನ, ಗೆರಿ ಯಾಂವ ನೋಡ್ತಾನ? ನಾ ಹುಟ್ಟಾ ಹಿಂಗೇ ಮಾಡೀನಿ, ಒಂದ್ ತೂಬರ ಬಿದ್ದದೇನು?"

ಮನ್ಸೂರಅಲಿ ಮೆತ್ತಗೆ ಹೇಳಿದ. "ಗೌಂಡಿ ನೋಡೋದಿಲ್ಲ ಕಾಕಾ, ಕಂಪ್ಯೂಟರ್ ನೋಡ್ತದ. ಈಗ ಸಿಮೆಂಟು, ಕಬ್ಬಿಣ, ಮಣ್ಣು ಎಲ್ಲಾ ಅದು ಗೆರಿ ಅಳದೇ ಲೆಕ್ಕ ತಗೀತದ. ಗೆರಿ ಒಂದ್ ಹೇಳ್ತದ, ಅಂಕಿ ಒಂದ್ ಹೇಳ್ತದ. ಅದಕ್ಕ ಇಲಾಖೆಯೋರು ವಾಪಸ್ ಒಗೀತಾರ."

ಗದ್ದಲ ಕೇಳಿ ಹಂಪಣ್ಣ ಕೆಳಗಿನ ಅಂಗಡಿಯಿಂದ ಏದುಸಿರು ಬಿಡುತ್ತ ಬಂದ. ಅವನಿಗೆ ಬೇಕಾಗಿದ್ದದ್ದು ಒಂದೇ, ಮೆಟ್ಟಿಲು ಖಾಲಿ ಆಗಬೇಕು. ದೇವಕಮ್ಮ ಅದನ್ನು ಅವನ ಮೋರೆಯಲ್ಲೇ ಓದಿದಳು.

"ಸಾವಕಾರ್ರ, ಕಾಲುವಿ ಬಂದ್ ಆಗೋದ್ರಾಗ ಕೊಂಕಲ್ ತೂಬು ಎಲ್ಲಾ ಮುಗಸಿ ಕೊಡ್ತೀನಿ. ಹ್ಯಾಂಗ ಮಾಡ್ತೀನಿ ಅಂತ ನೀವು ನಡುವ ಬರಬ್ಯಾಡ್ರಿ. ಮುಗದ್ರ ನನಗ ಟ್ರೇಸರ್ ಪಗಾರ ಅಲ್ಲ, ನಕ್ಷೆಗಾರ್ರ ಪಗಾರ. ಇಲ್ಲಿಗ ಬಂದ ದಿನದಿಂದ ಹಿಡದು. ಹೂಂ ಅನ್ರಿ, ಈ ಮಂದೀನ ನಾನೇ ಇಳಸ್ತೀನಿ."

"ಹೂಂ ಯವ್ವಾ, ಹೂಂ. ಕೊಡ್ತೀನಿ. ಮೊದಲ ಇಳಸು ಇವರನ್ನ."

ನಾವು ಇಳಿದೆವು. ಆ ಹೂಂಕಾರಕ್ಕೆ ಅಲ್ಲಿದ್ದವರೆಲ್ಲ ಸಾಕ್ಷಿ.

ಮರುದಿನ ಮನ್ಸೂರಅಲಿ ಯಂತ್ರಗಳ ನಡುವೆ ತಂತಿ ಎಳೆದು ಒಂದಕ್ಕೊಂದು ಜೋಡಿಸಿದ. ದೇವಕಮ್ಮ ತೂಬನ್ನು ಒಂದೇ ಒಂದು ಸಲ, ಸರಿಯಾಗಿ, ಇಟ್ಟಂಗಿಯ ಅಚ್ಚು ಮಾಡಿದ ಹಾಗೆ ಬರೆದಳು. ಪೈಪಿನ ಅಗಲ ಬದಲಾದರೆ ಇನ್ನೊಂದು ಅಚ್ಚು. ಎಲ್ಲರ ಹಾಳೆಗೂ ತೂಬು ಆ ಅಚ್ಚಿನಿಂದಲೇ ಬಂದು ಕೂರಬೇಕು. ಹೊಸದಾಗಿ ಬರೆಯುವಂತಿಲ್ಲ, ಹಿಂದಿನದನ್ನು ತೆರೆದು ತಿದ್ದುವಂತಿಲ್ಲ. ಅಚ್ಚಿನಲ್ಲಿ ಒಂದು ಗೆರೆ ಸರಿಮಾಡಿದರೆ ಎಲ್ಲ ಹಾಳೆಗಳಲ್ಲೂ ಸರಿಯಾಗುತ್ತದೆ. ಅಂಕಿಯನ್ನು ಕೈಯಿಂದ ಒತ್ತುವುದು ಬಂದ್. ಗೆರೆ ಎಷ್ಟಿದೆಯೋ ಅಷ್ಟನ್ನು ಯಂತ್ರವೇ ಬರೆಯಲಿ. ತಗಡಿನ ಡಬ್ಬಿಗಳನ್ನು ಒಯ್ದು ಕಪಾಟಿನ ಮೇಲಿಟ್ಟಳು. ಯಂಕಣ್ಣ ತನ್ನದನ್ನು ತಾನೇ ಎತ್ತಿ ಕೊಟ್ಟ. ಗುರಣ್ಣ ಡಬ್ಬಿಯನ್ನು ಮನೆಗೆ ಒಯ್ದ.

ಕೆಲಸ ಓಡಿತು. ಮೊದಲು ಒಂದು ತೂಬಿಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಒಂದು ಸಾಲಿನ ತೂಬುಗಳು ಮುಗಿಯುತ್ತಿದ್ದವು. ದೇವಕಮ್ಮ ಸಂತೆಯಲ್ಲಿ ಸಿಕ್ಕವಳು, "ನಿಮ್ಮ ಟ್ರ್ಯಾಕ್ಟರ್ ಡೀಸೆಲ್ ದಂಡ ಆಗಲಿಲ್ಲ ಅಣ್ಣ" ಅಂದಳು.

ಆಮೇಲೆ ಒಂದು ದಿನ ಮನ್ಸೂರಅಲಿ ಅಂದಾಜು ಪಟ್ಟಿ ನೋಡುತ್ತ ಕೂತವನು ಗಕ್ಕನೆ ನಿಂತ. "ಇಷ್ಟ್ ಸಿಮೆಂಟಾ? ಇದು ತೂಬೋ ಸೇತುವೆಯೋ?" ಒಂದು ಹಾಳೆ ನೋಡಿದ, ಎರಡು ನೋಡಿದ. ಎಲ್ಲ ತೂಬುಗಳ ಬುನಾದಿಯೂ ಆಳಕ್ಕೆ ಇಳಿದಿತ್ತು. ಇಲಾಖೆಗೆ ಹೋಗಲು ತಯಾರಾಗಿದ್ದ ಕಟ್ಟು ಪೂರಾ ಕೆಟ್ಟಿತ್ತು. ನೀರು ನಿಲ್ಲುವ ದಿನ ಹತ್ತಿರ ಬಂದಿತ್ತು.

ಮಾಡಿದವನು ಗುರಣ್ಣ. ಕಳ್ಳತನವಲ್ಲ, ಹೊಟ್ಟೆಕಿಚ್ಚೂ ಅಲ್ಲ. ಅವನ ಪಾಲಿಗೆ ಬಂದ ಒಂದು ತೂಬು ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿತ್ತು. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಬುನಾದಿ ಆಳ ಬೇಕು, ಅವನ ಲೆಕ್ಕ ಸರಿಯೇ. ತನ್ನ ಮುಂದಿನ ಹಾಳೆಯಲ್ಲಿ ತಪ್ಪು ಕಂಡರೆ ತಿದ್ದಬೇಕು ಎಂದು ಕಲಿತ ಕೈ ಅಚ್ಚನ್ನೇ ತೆರೆದು ತಿದ್ದಿತು. ಆಳ ಬೇಡದ ಗಟ್ಟಿ ಗರಸು ಮಣ್ಣಿನ ತೂಬುಗಳೂ ಜೊತೆಗೆ ಆಳಕ್ಕೆ ಇಳಿದವು.

"ನನ್ನ ಹಾಳಿ ನಾ ತಿದ್ದೀನಿ. ಮಂದಿ ಹಾಳಿ ತಿದ್ದು ಅಂತ ನಿನ್ನ ಯಂತ್ರಕ್ಕ ನಾ ಹೇಳೀನೇನು?" ಅಂದ.

"ಡಬ್ಬಿ ಕಾಲಾನೇ ಚಂದಿತ್ತು," ಎಂದು ಯಂಕಣ್ಣ ಗೊಣಗಿದ. ಹಂಪಣ್ಣ ಬಂದು, ಹಿಂದಿನ ಹಾಗೇ ಬರೆಯಿರಿ, ಈ ಆಟ ಸಾಕು ಅಂದ.

ದೇವಕಮ್ಮ ಆ ದಿನ ಗುರಣ್ಣನನ್ನು ಬೈಯಲಿಲ್ಲ. ಅವಳ ಬಾಯಿ ಗೊತ್ತಿದ್ದವರಿಗೆ ಇದು ಸುದ್ದಿ. ಬಸ್ಸು ಹತ್ತಿ ಕೊಂಕಲ್‌ಗೆ ಹೋದಳು. ಊರ ಮೇಲಿನ ತೂಬಿನ ಹತ್ತಿರ ಎಂದಿನಂತೆ ತಕರಾರು ನಡೆದಿತ್ತು. ಒಬ್ಬ ತನಗೆ ಇನ್ನಷ್ಟು ನೀರು ಬೇಕು ಅಂತಾನೆ, ಇನ್ನೊಬ್ಬ ತನ್ನ ಪಾಳಿ ಅಂತಾನೆ. ನೀರಗಂಟಿ ಮಸ್ತಾನಸಾಬ ತೂಬಿನ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. "ಯಾರಿಗ ಎಷ್ಟ್ ಬೇಕು ಹೇಳ್ರಿ, ಯಾಕ ಬೇಕು ಹೇಳ್ರಿ. ತೆರಿಯೋನು ನಾನು. ಮುಟ್ಟೀರಿ ಅಂದ್ರ ಕೈ ಮುರೀತೀನಿ," ಅಂದ. ನೂರು ಎಕರೆಯವನೂ ಅಲ್ಲಿ ಕೇಳಿಯೇ ನೀರು ತೆಗೆದುಕೊಳ್ಳಬೇಕು. ಇದನ್ನು ಲಗ್ನವಾದಾಗಿನಿಂದ ನೋಡಿದವಳಿಗೆ ಅವತ್ತು ಅಚ್ಚಿನ ನೆನಪಾಯಿತು. ತೂಬು ಮಾಡಿ ಇಟ್ಟಿದ್ದಳು, ಕೀಲಿ ಹಾಕಿರಲಿಲ್ಲ.

ಬೆಳಿಗ್ಗೆ ಕಚೇರಿಗೆ ಬಂದವಳೇ ಗುರಣ್ಣನ ಮುಂದೆ ಕುರ್ಚಿ ಎಳೆದು ಕೂತಳು.

"ಕಾಕಾ, ಇವತ್ತಿನಿಂದ ಅಚ್ಚಿನ ನೀರಗಂಟಿ ನೀವ. ತೆರಿಯೋದು, ತಿದ್ದೋದು ನೀವೊಬ್ಬರೇ. ನಾನೂ ಮುಟ್ಟಂಗಿಲ್ಲ."

"ಮಷ್ಕಿರಿ ಮಾಡಾಕತ್ತೀಯೇನು?"

"ಇಲ್ರಿ. ಕೆಡಸಿದೋರು ನೀವ. ಎಷ್ಟ್ ಸಣ್ಣ ಕೆಲಸಕ್ಕ ಎಷ್ಟ್ ಕೆಡತದ ಅಂತ ನಿಮಗಿಂತ ಬರೋಬ್ಬರಿ ಯಾರಿಗ ಗೊತ್ತದ? ನಿಮ್ಮಂಗ ಕಾಯೋರು ಬ್ಯಾರೆ ಸಿಗಂಗಿಲ್ಲ."

ಗುರಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ, "ಎರಿ ಭೂಮಿಗಿ ಬ್ಯಾರೆ ಅಚ್ಚು ಮಾಡ್ಬೇಕು. ಅದು ನಾ ಹೇಳ್ದಂಗ ಆಗ್ಬೇಕು," ಅಂದ.

"ನೀವು ಹೇಳ್ದಂಗೇ. ಅದು ನನಗ ಹೊಳೀಲಿಲ್ಲ, ನಿಮಗ ಹೊಳೀತು."

ಮನ್ಸೂರಅಲಿ ಅಚ್ಚಿಗೆ ಗುಪ್ತಪದ ಹಾಕಿ ಗುರಣ್ಣನ ಕಿವಿಯಲ್ಲಿ ಹೇಳಿದ. ಗುರಣ್ಣ ತಕ್ಷಣ ಅದನ್ನು ಬದಲಿಸಿ ಮನ್ಸೂರಅಲಿಗೂ ಹೇಳಲಿಲ್ಲ. ಅಂದಿನಿಂದ ಇಂಜಿನಿಯರ್ ಕೂಡ ಗುರಣ್ಣನ ಮುಂದೆ ನಿಂತು ಕೇಳಬೇಕು. "ಯಾಕ ಬೇಕು ಮೊದಲ ಹೇಳ್ರಿ ಸಾಹೇಬ್ರ," ಎಂದು ಕನ್ನಡಕ ಏರಿಸುತ್ತಾನೆ. ಸಮ ಅನಿಸಿದರೆ ತೆರೆಯುತ್ತಾನೆ. ಬದಲಿಸಿದ್ದನ್ನು ಎಲ್ಲರಿಗೂ ಕೂಗಿ ಹೇಳುತ್ತಾನೆ, ಎಲ್ಲರೂ ತಂತಮ್ಮ ಹಾಳೆ ನೋಡಿಕೊಳ್ಳುತ್ತಾರೆ.

ಇನ್ನೊಂದು ಕಟ್ಟಳೆಯನ್ನು ದೇವಕಮ್ಮ ತಂದಳು. ಮಧ್ಯಾಹ್ನದ ಚಹಾ ಆದ ಮೇಲೆ ಎಲ್ಲರೂ ಕುರ್ಚಿ ಬದಲಿಸಬೇಕು. ನಿನ್ನ ಹಾಳೆ ನಾನು ನೋಡುತ್ತೇನೆ, ನನ್ನದು ನೀನು ನೋಡು. ಬರೆದವನ ಕಣ್ಣಿಗೆ ಅವನ ತಪ್ಪು ಕಾಣುವುದಿಲ್ಲ. ಪಕ್ಕದವನ ತಪ್ಪು ಹುಡುಕುವುದಕ್ಕೆ ಯಾರಿಗೂ ಬೇಸರವಿಲ್ಲ. "ಏ ಯಂಕಣ್ಣ, ಈ ಗ್ವಾಡಿ ಮಣ್ಣಿನ್ಯಾಗ ನಿಂತದೋ ಗಾಳ್ಯಾಗ ನಿಂತದೋ?" ಎಂದು ದೇವಕಮ್ಮ ಕೂಗಿದರೆ, ನಾಳೆ ಅವನು ಅವಳ ಹಾಳೆಯಲ್ಲಿ ತಪ್ಪು ಹಿಡಿದು ಬಡ್ಡಿಸಮೇತ ತೀರಿಸುತ್ತಿದ್ದ. ಕರೆಂಟು ಹೋದಾಗ ಕೈಕಟ್ಟಿ ಕೂರುತ್ತಿದ್ದವರು ಈಗ ಕಿಟಕಿಯ ಬೆಳಕಿಗೆ ಕಾಗದ ಹಿಡಿದು ಇದನ್ನೇ ಮಾಡುತ್ತಿದ್ದರು. ಶಹಾಪುರದಲ್ಲಿ ಕರೆಂಟು ಹೋಗದ ದಿನವಿಲ್ಲ, ಹಾಗಾಗಿ ತಪಾಸಣೆಗೆ ಹೊತ್ತಿಗೇನೂ ಕೊರತೆ ಬೀಳಲಿಲ್ಲ.

ಕೆಟ್ಟ ಕಟ್ಟನ್ನು ಸರಿಪಡಿಸಲು ಹೊಸದಾಗಿ ಬರೆಯಬೇಕಾಗಲಿಲ್ಲ. ಗುರಣ್ಣ ಗರಸು ಮಣ್ಣಿನ ಅಚ್ಚನ್ನು ಮೊದಲಿನ ಆಳಕ್ಕೆ ತಂದ, ಎರಿ ಭೂಮಿಯದನ್ನು ಬೇರೆ ಮಾಡಿದ. ಹಾಳೆಗಳೆಲ್ಲ ತಾವೇ ಸರಿಯಾದವು. ಡಬ್ಬಿಯ ಕಾಲದಲ್ಲಿ ಇದೇ ತಪ್ಪು ಆಗಿದ್ದರೆ ಆ ಬೇಸಿಗೆ ಅಲ್ಲಿಗೇ ಮುಗಿಯುತ್ತಿತ್ತು. ಕೊಂಕಲ್‌ನ ನಕ್ಷೆಗಳು ಕಾಲುವೆ ನಿಲ್ಲುವ ಮುಂಚೆ ಇಲಾಖೆಗೆ ಹೋದವು. ಈ ಸಲ ವಾಪಸ್ ಬಂದದ್ದು ಮಂಜೂರಿಯ ಸಹಿ.

ಬೇಸಿಗೆಯಲ್ಲಿ ತೂಬು ಕಟ್ಟಿದರು. ನಾವು ದಿನವೂ ಹೋಗಿ ಗೌಂಡಿಯ ತಲೆ ತಿಂದೆವು. ಕಾಲುವೆಗೆ ನೀರು ಬಿಟ್ಟಾಗ ಅದು ಗೊಲ್ಲಾಳಮ್ಮನ ಹೊಲಕ್ಕೂ ಬಂತು. ನಿಚ್ಚಣಿಕೆ ಬೇಕಾಗಲಿಲ್ಲ. ಕೇಳಿದಷ್ಟು ಬಂತು ಎಂದು ಸುಳ್ಳು ಹೇಳುವುದಿಲ್ಲ; ಮೇಲಿನ ಊರಿನವರು ಇನ್ನೂ ರಾತ್ರಿ ಗೇಟು ಎತ್ತುತ್ತಾರೆ, ಅವರ ಮೇಲಿನ ಜಗಳ ಬೇರೆ ಇದೆ. ಆದರೆ ತೂಬಿನಿಂದ ನೀರು ಹರಿಯುತ್ತದೆ.

ದೇವಕಮ್ಮ ಸಾವಕಾರನ ಹತ್ತಿರ ಹೋಗಿ ಮಾತು ನೆನಪಿಸಿದಳು.

"ಕೆಲಸ ಎಲ್ಲಾ ಕಂಪ್ಯೂಟರ್ ಮಾಡ್ಯಾದ. ನೀ ಮೊದಲಿಗಿಂತ ಆರಾಮ ಕುಂತೀದಿ. ಅದಕ್ಕ ಹೆಚ್ಚಿನ ಪಗಾರ ಬ್ಯಾರೆ ಬೇಕಾ?" ಅಂದ ಹಂಪಣ್ಣ.

"ಆರಾಮ ಕುಂತಿದ್ದು ನೋಡೀರಿ. ಅದೇ ಆರಾಮದ ಮ್ಯಾಲ ಸುರಪುರ ಕಡೆಯ ಹೊಸ ಕೆಲಸ ತಂದೀರಿ, ಅದು ನೋಡ್ಲಿಲ್ಲೇನ್ರಿ?"

"ನೋಡೋಣ, ಮುಂದ ನೋಡೋಣ." ಮುಂದೆ ಮುಂದೆ ಅನ್ನುತ್ತ ದಿನ ಹೋಗಿವೆ. ನಕ್ಷೆ ಎಷ್ಟು ಬೇಗ ಮುಗಿಯುತ್ತದೆ ಎಂದು ಇಲಾಖೆಯವರ ಮುಂದೆ ಎದೆ ತಟ್ಟಿಕೊಳ್ಳುವವನು ಅವನೇ. ಉಳಿಸಿದ ಹೊತ್ತೆಲ್ಲ ಅವನ ಗಲ್ಲಾಪೆಟ್ಟಿಗೆಗೆ ಹೋಗಿದೆ. ಅವಳು ಇನ್ನೂ ಟ್ರೇಸರ್.

ಗುರಣ್ಣ ಒಮ್ಮೆ ನನ್ನೆದುರೇ ಹೇಳಿದ. "ಹೂಂ ಅನ್ನು ದೇವಕಮ್ಮ, ನಾಳಿಯಿಂದ ಅಚ್ಚು ತೆರಿಯೋದಿಲ್ಲ. ಸಾವಕಾರ ಏನ್ ಮಾಡ್ತಾನ ನೋಡೋಣ."

"ಬ್ಯಾಡ್ರಿ ಕಾಕಾ. ಸುರಪುರ ಕಡೆ ತೂಬು ಬರಿಯಾಕತ್ತೀವಿ. ನಾವು ನಿಂತ್ರ ಸಾವಕಾರನ ಊಟ ನಿಲ್ಲಂಗಿಲ್ಲ, ಆ ಮಂದಿ ನೀರು ನಿಲ್ತದ. ನಾ ನಕ್ಷಾ ತಡದು ಪಗಾರ ತಗೋಳ್ಳೋದಿಲ್ಲ. ತಡಿಯೋರು ಬ್ಯಾರೆ ಅದಾರ." ಹೀಗಂದು ನನ್ನ ಕಡೆ ನೋಡಿದಳು.

ಆ ನೋಟ ನನಗೊಬ್ಬನಿಗೇ ಅಲ್ಲ. ಕೊಂಕಲ್ ಕಡೆಯ ರೈತರೇ, ಇದನ್ನು ಓದುತ್ತಿರುವವರೇ, ಆ ತೂಬಿನ ನೀರು ನಿಮ್ಮ ಹೊಲದಲ್ಲಿದೆ. ನಿಮ್ಮ ಕೆಲಸಕ್ಕೆ ಆ ಮೆಟ್ಟಿಲ ಮೇಲೆ ಕೂತಿರಿ. ಅವಳು ಕೊಟ್ಟ ಮಾತು ನಂಬಿ ಇಳಿದಿರಿ. ಅವಳು ಮಾತು ಉಳಿಸಿಕೊಂಡಳು. ಊರಲ್ಲಿ ಅವಳಿಗೆ ಶಾಲು ಹೊದಿಸಿ ಸನ್ಮಾನ ಮಾಡೋಣ ಎಂದು ಕೆಲವರು ಚಂದಾ ಎತ್ತುತ್ತಿದ್ದಾರೆ ಎಂದು ಕೇಳಿದೆ. ಆ ಚಂದಾ ಡೀಸೆಲ್‌ಗೆ ಹಾಕಿರಿ. ಬರುವ ಸೋಮವಾರ, ಹಂಪಣ್ಣ ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ಅದೇ ಮೆಟ್ಟಿಲ ಮೇಲೆ ಬಂದು ಕೂತುಕೊಳ್ಳಿರಿ. ಗೊಲ್ಲಾಳಮ್ಮ ಮೊದಲ ಮೆಟ್ಟಿಲು ಹಿಡಿದಿದ್ದಾಳೆ. ಸಾವಕಾರ ಪಗಾರ ಎಣಿಸಿ ದೇವಕಮ್ಮನ ಕೈಗೆ ಕೊಡುವ ತನಕ ಏಳಬೇಡಿರಿ.